ಕೇಳುವವರಿಲ್ಲದ ಮೈಫಿಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ನಾಲ್ಕೇ ಸಾಲಿನ ಸುದ್ದಿ ಹಾಕಿದ್ದೆ. ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲೆಂಡಿನ ಬ್ಯಾಂಡ್ 1971ರಲ್ಲಿ ಇಟಲಿಯ ಪಾಂಪೇ ಎಂಬ ಪಾಳುಬಿದ್ದ ಪುರಾತನ ಊರಿನ ಖಾಲಿ ರಂಗಮಂದಿರದಲ್ಲಿ ನುಡಿಸಿದ ಹಳೆಯ ಸಿನಿಮಾವನ್ನು ಹೊಸದಾಗಿ ಸರಿಪಡಿಸಿದ್ದಾರೆ, 2025ರ ಏಪ್ರಿಲ್ 24ರಿಂದ ಥಿಯೇಟರ್‌ಗಳಲ್ಲಿ, ಮೇ 2ಕ್ಕೆ ಬ್ಲೂ-ರೇ ಮತ್ತು ಡಿವಿಡಿ ಅಂತ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ರಾಕ್ ಸಂಗೀತ ಕೇಳುವವರು ಇಷ್ಟು ಜನ ಇದ್ದೀರಾ, ಮತ್ತೆ ಇಷ್ಟು ದಿನ ಎಲ್ಲಿದ್ದಿರಿ ಮಹಾರಾಯರೇ!

ನನ್ನ ಹತ್ತಿರ 2003ರ ಡಿವಿಡಿ ಇದೆ. ಯೂಟ್ಯೂಬ್‌ನಲ್ಲೂ ನೋಡಿದ್ದೇನೆ. ಮತ್ತೆ ದುಡ್ಡು ಯಾಕ್ರೀ ಹಾಕಬೇಕು?
– ಟಿಳಕವಾಡಿ, ಬೆಳಗಾವಿ

ಆ ಡಿವಿಡಿಯನ್ನು ಇನ್ನೊಮ್ಮೆ ಹಾಕಿ ನೋಡಿ. ನಿರ್ದೇಶಕ ಏಡ್ರಿಯನ್ ಮೇಬನ್ ಆ ಆವೃತ್ತಿಗೆ ಗ್ರಹ, ನಕ್ಷತ್ರ ಅಂತ ಕಂಪ್ಯೂಟರ್ ಚಿತ್ರಗಳನ್ನೆಲ್ಲ ಸೇರಿಸಿದ್ದರು. ಹುಡುಗರು ಬಿಸಿಲಲ್ಲಿ ಕೂತು ಚೆನ್ನಾಗಿ ನುಡಿಸ್ತಾ ಇರುವಾಗ ನಡುವೆ ಬಾಹ್ಯಾಕಾಶ ಬರುತ್ತದೆ. ನನಗಂತೂ ಅದು ಯಾವತ್ತೂ ಹಿಡಿಸಲಿಲ್ಲ. ಯೂಟ್ಯೂಬ್‌ನಲ್ಲಿ ಇರೋದರಲ್ಲಿ ಬಹಳಷ್ಟು ಹಳೇ ವಿಡಿಯೊ ಕ್ಯಾಸೆಟ್‌ನಿಂದ ಇಳಿಸಿದ್ದು, ಬಣ್ಣ ಎಲ್ಲ ಕಂದು.

ಈ ಸಲದ ಕೆಲಸ ಬೇರೆ ಥರದ್ದು. ಬ್ಯಾಂಡಿನ ಹಳೆಯ ಚಿತ್ರಗಳನ್ನು ನೋಡಿಕೊಳ್ಳುವ ಲಾನಾ ಟೋಪಮ್ ಎಂಬುವವರು 1994ರಿಂದ ಈ ಚಿತ್ರದ ರೀಲುಗಳನ್ನು ಹುಡುಕುತ್ತಾ ಇದ್ದರು. ಕೊನೆಗೆ ಬ್ಯಾಂಡಿನ ಸ್ವಂತ ಉಗ್ರಾಣದಲ್ಲೇ, ಹೆಸರು ಸರಿಯಾಗಿ ಬರೆಯದ ಐದು ಡಬ್ಬಿಗಳಲ್ಲಿ ಮೂಲ 35 ಎಂಎಂ ನೆಗೆಟಿವ್ ಸಿಕ್ಕಿತು. ಅಂದರೆ 1972ರಲ್ಲಿ ಕತ್ತರಿಸಿ ಜೋಡಿಸಿದ ಅದೇ ಫಿಲ್ಮು. ಅದರ ನಕಲಲ್ಲ, ನಕಲಿನ ನಕಲಲ್ಲ. ಅದನ್ನು ಒಂದೊಂದೇ ಫ್ರೇಮ್ 4ಕೆ ಎಂಬ ಬಹಳ ಸೂಕ್ಷ್ಮ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಬರೀ ಒಂದು ಗಂಟೆಗೆ 86,400 ಚಿತ್ರ, ಲೆಕ್ಕ ಹಾಕಿ.

ಚಿತ್ರೀಕರಣದ ಉಳಿದ ಫಿಲ್ಮು, ಅಂದರೆ ಚಿತ್ರದಲ್ಲಿ ಬಳಸದೇ ಬಿಟ್ಟ ನೂರಾರು ಡಬ್ಬಿ, ಜಾಗ ಖಾಲಿ ಮಾಡುವಾಗ ಸುಟ್ಟುಹೋಯಿತು ಅಂತ ಮೇಬನ್ ಹೇಳಿದ್ದಾರೆ. ಹಾಗಾಗಿ 'ಇನ್ನೂ ಮೂರು ಹಾಡು ಹೊಸದಾಗಿ ಸಿಗಬಹುದೇನೋ' ಅಂತ ಕಾಯಬೇಡಿ, ಸಿಗೋದಿಲ್ಲ. ಇದ್ದದ್ದೇ ಚೆನ್ನಾಗಿ ಕಾಣುತ್ತದೆ, ಅಷ್ಟೇ. ನನಗೆ ಅಷ್ಟು ಸಾಕು.

ಎದುರಿಗೆ ಒಬ್ಬನೂ ಇಲ್ಲ, ಖಾಲಿ ಕಲ್ಲಿನ ಮೆಟ್ಟಿಲು. ಇದು ಎಂಥಾ ಮೈಫಿಲು ಸರ್? ನಮ್ಮ ಕಡೆ ಹಿಂಗ ಯಾರಾದರೂ ಹಾಡ್ತಾರೇನು?
– ಜಮಖಂಡಿ, ಬಾಗಲಕೋಟೆ ಜಿಲ್ಲೆ

ಹಾಡೋದಿಲ್ಲ ಬಿಡಿ. ನಮ್ಮ ಬೈಠಕ್‌ನಲ್ಲಿ ಮುಂದಿನ ಸಾಲಲ್ಲಿ ಕೂತ ಹಿರಿಯರು ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಸರಿಯಾಗಿ ತಲೆದೂಗದೇ ಇದ್ದರೆ ಗವಾಯಿಗಳಿಗೆ ಮುಂದಿನ ತಾನ್ ಹೊರಡೋದೇ ಕಷ್ಟ. ಆದರೆ ಮೇಬನ್ ಬೇಕಂತಲೇ ಹಾಗೆ ಮಾಡಿದ್ದು. 1970ರಲ್ಲಿ 'ವುಡ್‌ಸ್ಟಾಕ್' ಸಿನಿಮಾ ಬಂದಿತ್ತು, ಅದರಲ್ಲಿ ಸಂಗೀತ ಎಷ್ಟೋ ಜನಜಂಗುಳಿಯೂ ಅಷ್ಟೇ. ಇವರಿಗೆ ಅದರ ಪೂರ್ತಿ ಉಲ್ಟಾ ಬೇಕಾಗಿತ್ತು.

ಜಾಗ ಸಿಕ್ಕಿದ ಕಥೆ ಮಜಾ ಇದೆ. ಮೇಬನ್ 1971ರ ಬೇಸಿಗೆಯಲ್ಲಿ ಆ ಕಡೆ ಸುತ್ತಾಡೋಕೆ ಹೋಗಿದ್ದರು. ಪಾಂಪೇಯಲ್ಲಿ ಪಾಸ್‌ಪೋರ್ಟ್ ಕಳೆದುಹೋಯಿತು. ಸಂಜೆ ಹುಡುಕುತ್ತಾ ವಾಪಸ್ ಹೋದರೆ ರಂಗಮಂದಿರ ಖಾಲಿ, ಕತ್ತಲಾಗ್ತಾ ಇದೆ, ಬರೀ ಹುಳಗಳ ಸದ್ದು. ಇಲ್ಲೇ ಅಂತ ಆಗಲೇ ಹೊಳೆಯಿತು. ಆಮೇಲೆ ನೇಪಲ್ಸ್ ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕರು, ಅವರೂ ಈ ಬ್ಯಾಂಡಿನ ಅಭಿಮಾನಿಯಂತೆ, ಅಧಿಕಾರಿಗಳನ್ನು ಒಪ್ಪಿಸಿ ಕೆಲವು ದಿನ ಜಾಗ ಮುಚ್ಚಿಸಿಕೊಟ್ಟರು. ಬ್ಯಾಂಡಿನವರದ್ದು ಒಂದೇ ಹಟ, ಟೇಪಿಗೆ ತುಟಿ ಆಡಿಸೋದಿಲ್ಲ, ನಿಜವಾಗಿಯೇ ನುಡಿಸ್ತೀವಿ. ಹಾಗಾಗಿ ಲಂಡನ್ನಿನಿಂದ ಲಾರಿಯಲ್ಲಿ ಸಾಮಾನು ಪೂರ್ತಿ ಬಂತು. ಬಂದ ಮೇಲೆ ನೋಡಿದರೆ ಕರೆಂಟೇ ಸಾಲದು! ಊರಿನೊಳಗಿಂದ ಉದ್ದದ ಕೇಬಲ್ ಎಳೆದು, ಯಾರೂ ಕಿತ್ತುಹಾಕದ ಹಾಗೆ ಕಾಯೋಕೆ ಜನ ಇಟ್ಟು ಶೂಟಿಂಗ್ ಮಾಡಿದರು. ಹೊಲದಲ್ಲಿ ಬೋರ್‌ವೆಲ್‌ಗೆ ವೈರ್ ಎಳೆದವರಿಗೆ ಈ ಭಾಗ ಚೆನ್ನಾಗಿ ಅರ್ಥವಾಗುತ್ತೆ. ದಿನ ಕೈಬಿಟ್ಟು ಹೋಗಿದ್ದರಿಂದ ಅಲ್ಲಿ ಮೂರೇ ಹಾಡು ಮುಗಿದವು, ಉಳಿದದ್ದನ್ನು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ತೆಗೆದರು. ಗಮನ ಇಟ್ಟು ನೋಡಿದರೆ ಎಲ್ಲಿ ಬಿಸಿಲು ನಿಜ, ಎಲ್ಲಿ ಸ್ಟುಡಿಯೋದ ಪರದೆ ಅಂತ ತಿಳಿಯುತ್ತೆ. ಹೊಸ ಪ್ರಿಂಟಿನಲ್ಲಿ ಇನ್ನೂ ಸಲೀಸಾಗಿ ತಿಳಿಯಬಹುದು, ಪಾಪ.

ಇದಕ್ಕೆ ಜೋಡಿಯಾಗಿ 'ಮಾಂಟೆರೇ ಪಾಪ್' ನೋಡಿ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಡೆದ ಉತ್ಸವದ ಚಿತ್ರ, ಡಿ. ಎ. ಪೆನ್ನೆಬೇಕರ್ ನಿರ್ದೇಶನ. ಕೊನೆಗೆ ಪಂಡಿತ್ ರವಿಶಂಕರ್ ಅವರ ಸಿತಾರ್, ಉಸ್ತಾದ್ ಅಲ್ಲಾ ರಖಾ ಅವರ ತಬಲಾ. ಅಲ್ಲಿ ಕ್ಯಾಮೆರಾ ಎಷ್ಟೋ ಹೊತ್ತು ಕಲಾವಿದರನ್ನು ತೋರಿಸೋದೇ ಇಲ್ಲ, ಕೇಳುವವರ ಮುಖ ಮಾತ್ರ. ಒಂದರಲ್ಲಿ ಶ್ರೋತೃಗಳೇ ಇಲ್ಲ, ಇನ್ನೊಂದರಲ್ಲಿ ಮೊದಲು ಶ್ರೋತೃಗಳೇ. ನಮ್ಮ ಕಡೆಯವರಿಗೆ ಎರಡನೆಯದೇ ಜಾಸ್ತಿ ಹತ್ತಿರ ಅನಿಸೀತು.

ಅವರು ಎಕೋ ಬರುವ ಜಾಗ ಹುಡುಕಿದ್ದರೆ ನಮ್ಮ ಗೋಳಗುಮ್ಮಟಕ್ಕೇ ಬರಬಹುದಿತ್ತಲ್ಲಾ?
– ಗಾಂಧಿ ಚೌಕ, ವಿಜಯಪುರ

ಅಯ್ಯೋ, ಬರದಿದ್ದದ್ದೇ ಒಳ್ಳೇದಾಯ್ತು! ಚಿತ್ರದ ಮುಖ್ಯ ಹಾಡಿನ ಹೆಸರೇ 'ಎಕೋಸ್', ಹಾಗಾಗಿ ನಿಮ್ಮ ಆಸೆ ಸಹಜ. ಆದರೆ ಸುಮಾರು 38 ಮೀಟರ್ ಒಳ ಅಗಲದ ಗುಮ್ಮಟದ ಕೆಳಗೆ ಒಂದು ಡ್ರಮ್ ಬಾರಿಸಿದರೆ ಏನಾಗುತ್ತೆ ಗೊತ್ತಲ್ಲ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಶಾಲೆ ಪ್ರವಾಸದ ಮಕ್ಕಳು ಒಮ್ಮೆ 'ಹೋ' ಅಂದರೇ ಕಿವಿ ಮುಚ್ಚಿಕೊಳ್ಳಬೇಕು. ಒಂದು ಪೆಟ್ಟು ಇಳಿಯೋದರೊಳಗೆ ಮುಂದಿನ ಪೆಟ್ಟು ಬಂದು ಸೇರುತ್ತೆ, ಲಯ ಪೂರ್ತಿ ಕಲಸಿಹೋಗುತ್ತೆ. ಪಾಂಪೇಯ ರಂಗಮಂದಿರಕ್ಕೆ ಚಾವಣಿ ಇಲ್ಲ. ಸದ್ದು ಕಲ್ಲಿಗೆ ತಾಗಿ ಸ್ವಲ್ಪ ವಾಪಸ್ ಬರುತ್ತೆ, ಉಳಿದದ್ದು ಆಕಾಶಕ್ಕೆ. ರೆಕಾರ್ಡಿಂಗ್‌ಗೆ ಹೇಳಿ ಮಾಡಿಸಿದ ಹಾಗೆ.

ನಿಮ್ಮೂರಲ್ಲೇ ಹುಡುಕೋದಾದರೆ ನನ್ನ ವೋಟು ಬಾರಾ ಕಮಾನಿಗೆ. ಎರಡನೇ ಅಲಿ ಆದಿಲ್ ಶಾಹನ ಆ ಗೋರಿಯ ಕಟ್ಟಡ ಮುಗಿಯಲೇ ಇಲ್ಲ, ಹಾಗಾಗಿ ಕಮಾನುಗಳಿವೆ, ಮೇಲೆ ಗುಮ್ಮಟ ಇಲ್ಲ. ಇಲ್ಲವೇ ತೊರವಿ ಕಡೆಯ ಸಂಗೀತ ಮಹಲು. ಎರಡನೇ ಇಬ್ರಾಹಿಂ ಆದಿಲ್ ಶಾಹ ಸ್ವತಃ ಸಂಗೀತದ ಹುಚ್ಚಿನವನು, 'ಕಿತಾಬ್-ಎ-ನವರಸ್' ಬರೆದವನು. ಅವನಿದ್ದಿದ್ದರೆ ಸಿಂಥಸೈಜರ್ ಏನು ಅಂತ ಮೊದಲು ಕೇಳುತ್ತಿದ್ದವನೇ ಅವನು.

ನಾಯಿ ಹಾಡುತ್ತೆ ಅಂತಾರಲ್ಲ, ನಿಜವಾ?
– ಗೋಕಾಕ

ನಿಜ. ಹೆಣ್ಣು ನಾಯಿ, ಹೆಸರು ನೋಬ್ಸ್, ರಷ್ಯಾದ ಬೋರ್ಜಾಯ್ ತಳಿ. ಬ್ಯಾಂಡಿನ ರಿಚರ್ಡ್ ರೈಟ್ ಅದರ ಮುಂದೆ ಮೈಕ್ ಹಿಡಿದಿರ್ತಾರೆ, ಬ್ಯಾಂಡಿನವರೇ ಆದ ಡೇವಿಡ್ ಗಿಲ್ಮೋರ್ ಹಾರ್ಮೋನಿಕಾ ಊದುತ್ತಾರೆ, ಅದು ಊಳಿಡುತ್ತೆ. ಸ್ವರ ಶುದ್ಧವಾಗಿದೆ ಅಂತ ಹೇಳೋಕೆ ಆಗಲ್ಲ.

4ಕೆ ಟಿವಿ ಇಲ್ಲ. ಇದಕ್ಕೋಸ್ಕರ ತಗೊಳ್ಳಬೇಕಾ? ಮನೆಯಾಕಿ ಒಪ್ಪಂಗಿಲ್ಲ.
– ನವನಗರ, ಬಾಗಲಕೋಟೆ

ಮನೆಯವರು ಹೇಳಿದ್ದೇ ಸರಿ. ಡಿಸ್ಕ್ ಬರೋದು ಬ್ಲೂ-ರೇ ಮತ್ತು ಡಿವಿಡಿಯಲ್ಲಿ. ಸ್ಕ್ಯಾನ್ 4ಕೆ ಆದರೂ ಮಾಮೂಲಿ ಬ್ಲೂ-ರೇ ಚಿತ್ರ 1920×1080. ಅದಕ್ಕೆ ನಿಮ್ಮ ಫುಲ್ ಎಚ್‌ಡಿ ಟಿವಿ ಧಾರಾಳ ಸಾಕು. ಡಿವಿಡಿ 720×576, ಅದೇ ನಿಜಕ್ಕೂ ಕಡಿಮೆ. ಪ್ಲೇಯರ್ ಇದ್ದರೆ ಬ್ಲೂ-ರೇನೇ ತಗೊಳ್ಳಿ.

ದುಡ್ಡು ಉಳಿದಿದ್ದರೆ ಸದ್ದಿಗೆ ಹಾಕಿ. ನನಗೆ ಈ ಡಿಸ್ಕ್ ಬೇಕಾಗಿದ್ದೇ ಸದ್ದಿಗೋಸ್ಕರ. ಚಿತ್ರ ಹೊಸದಾಗಿ ಕಾಣೋದು ಸಂತೋಷವೇ, ಆದರೆ ಇದು ಕೊನೆಗೂ ಸಂಗೀತದ ಸಿನಿಮಾ, ಮತ್ತೆ ಇಷ್ಟು ವರ್ಷ ನಾವು ಕೇಳಿದ್ದು ಮುಸುಕು ಹಾಕಿದ ಸದ್ದು. ಈ ಸಲ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದಾರೆ, ಅಂದರೆ ಬೇರೆ ಬೇರೆ ವಾದ್ಯಗಳ ಸದ್ದನ್ನು ಸರಿದೂಗಿಸಿ ಜೋಡಿಸಿದ್ದಾರೆ. ಕಿಂಗ್ ಕ್ರಿಮ್ಸನ್, ಜೆತ್ರೋ ಟಲ್ ಥರದ ಹಳೆಯ ಬ್ಯಾಂಡುಗಳ ರೆಕಾರ್ಡುಗಳಿಗೆ ಇದೇ ಕೆಲಸ ಮಾಡಿದವರು, ಸ್ವತಃ ಸಂಗೀತಗಾರರು. ಅವರ ಹಿಂದಿನ ಕೆಲಸ ಕೇಳಿದವರಿಗೆ ಗೊತ್ತು, ಹಳೆಯದನ್ನು ಇವತ್ತಿನ ಹಾಗೆ ಢಂ ಢಂ ಅನ್ನಿಸೋಕೆ ಹೋಗೋದಿಲ್ಲ, ಬ್ಯಾಂಡಿನ ರೋಜರ್ ವಾಟರ್ಸ್ ಬೇಸ್ ಗಿಟಾರ್ ಎಲ್ಲಿ ಮುಗಿಯುತ್ತೆ, ನಿಕ್ ಮೇಸನ್ ಕಾಲಿನ ಡ್ರಮ್ ಎಲ್ಲಿ ಶುರುವಾಗುತ್ತೆ ಅನ್ನೋದನ್ನ ಬಿಡಿಸಿ ಇಡ್ತಾರೆ.

ಇದನ್ನ ಟಿವಿಯ ಬೆನ್ನಿಗಿರುವ ಪುಟಾಣಿ ಸ್ಪೀಕರಲ್ಲಿ ಕೇಳಿದರೆ ಏನೂ ಸಿಗಲ್ಲ. ಅಟ್ಟದ ಮೇಲೆ ಹಳೇ ಸ್ಟೀರಿಯೊ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇದ್ದರೆ ಕೆಳಗಿಳಿಸಿ. ಎಷ್ಟೋ ಮನೆಗಳಲ್ಲಿ ಇರುತ್ತೆ, ಮೇಲೆ ಮಡಿಚಿದ ಚಾಪೆ ಹೇರಿರ್ತಾರೆ. ಪ್ಲೇಯರ್‌ನಿಂದ ಅದಕ್ಕೆ ವೈರ್ ಕೊಟ್ಟು ಸ್ಟೀರಿಯೊ ಮಿಕ್ಸ್ ಹಾಕಿ, ಎರಡೂ ಸ್ಪೀಕರ್ ನಿಮ್ಮ ಕಿವಿಯ ಎತ್ತರಕ್ಕೆ ಬರಲಿ. ಹೋಂ ಥಿಯೇಟರ್ ಇದ್ದವರು ಪ್ಲೇಯರನ್ನು ಎಚ್‌ಡಿಎಂಐ ಮೂಲಕ ಸೀದಾ ರಿಸೀವರ್‌ಗೆ ಕೊಡಿ. ಟಿವಿ ಮೂಲಕ ಸುತ್ತಿಸಿ ಆಪ್ಟಿಕಲ್ ವೈರಿನಲ್ಲಿ ಕಳಿಸಿದರೆ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚಿದ ಒಳ್ಳೆಯ 5.1 ಸದ್ದು ಹಿಂಡಿಹೋಗಿ ಬರುತ್ತೆ. ಆಪ್ಟಿಕಲ್ ವೈರಿಗೆ ಅಷ್ಟು ತಾಕತ್ತಿಲ್ಲ.

ರಿಪೇರಿ ಅಂತ ಹೇಳಿ ಎಐ ಹಾಕಿ ಮುಖ ಎಲ್ಲ ನುಣ್ಣಗೆ ಮಾಡಿರ್ತಾರಾ ಅಂತ ಭಯ.
– ಶಹಾಪುರ, ಬೆಳಗಾವಿ

ಭಯ ಪಡಬೇಕಾದ್ದೇ. ಬೇರೆ ಕೆಲವು ಹಳೆಯ ಚಿತ್ರಗಳಿಗೆ ಹಾಗೆ ಆಗಿದೆ. ಫಿಲ್ಮಿನಲ್ಲಿ ಸಣ್ಣ ಚುಕ್ಕಿಗಳ ಹಾಗೆ ಕಾಣುವ ಕಣ ಅಂದರೆ ಕೊಳೆ ಅಂತ ತಿಳಿದು ಉಜ್ಜಿ ತೆಗೆದು, ನಟರನ್ನ ಮೇಣದ ಗೊಂಬೆ ಮಾಡಿಟ್ಟಿದ್ದಾರೆ. ಕಣವೇ ಚಿತ್ರ ಕಣ್ರೀ, ಅದನ್ನ ತೆಗೆದರೆ ಬೆವರು, ಧೂಳು, ಚರ್ಮ ಎಲ್ಲ ಅದರ ಜೊತೆಗೇ ಹೋಗುತ್ತೆ. ಈ ಚಿತ್ರದಲ್ಲಂತೂ ಆಂಪ್ಲಿಫೈಯರ್ ಮೇಲಿನ ಧೂಳೂ ಬೇಕು. ಈ ಚಿತ್ರ ಸರಿಪಡಿಸಿದವರು ಕಣಕ್ಕೆ ಕಡಿಮೆ ಕೈ ಹಾಕಿದ್ದೇವೆ, ಬಣ್ಣ ತಿದ್ದಿ ಫ್ರೇಮುಗಳನ್ನು ಸರಿಮಾಡಿದ್ದೇವೆ ಅಂದಿದ್ದಾರೆ. ಡಿಸ್ಕ್ ಕೈಗೆ ಬಂದಾಗ ಮೊದಲು ಗಿಲ್ಮೋರ್ ಬೆರಳುಗಳ ಹತ್ತಿರದ ಶಾಟ್ ನಿಲ್ಲಿಸಿ ನೋಡಿ. ಅಲ್ಲಿ ನುಣ್ಣಗೆ ಕಂಡರೆ ನನಗೊಂದು ಪತ್ರ ಹಾಕಿ, ಇಬ್ಬರೂ ಸೇರಿ ಬಯ್ಯೋಣ.

ವಿದೇಶದಿಂದ ತರಿಸಿದರೆ ನಮ್ಮ ಪ್ಲೇಯರ್‌ನಲ್ಲಿ ಓಡುತ್ತಾ?
– ಮುಧೋಳ

ಮೊದಲು ರೀಜನ್ ನೋಡಿ, ಅಂದರೆ ಡಿಸ್ಕ್ ಯಾವ ದೇಶದ ಪ್ಲೇಯರಿನಲ್ಲಿ ಓಡುತ್ತೆ ಅನ್ನೋ ಗುರುತು. ಬ್ಲೂ-ರೇಗೆ ಭಾರತ ಸಿ, ಯೂರೋಪ್ ಬಿ, ಅಮೆರಿಕ ಎ. ಡಿವಿಡಿಗೆ ನಮ್ಮದು 5. ಸಂಗೀತದ ಡಿಸ್ಕುಗಳು ಹೆಚ್ಚಾಗಿ ಎಲ್ಲ ರೀಜನ್‌ಗೂ ಓಡ್ತವೆ, ಆದರೂ ಕವರಿನ ಹಿಂದೆ ಏನು ಬರೆದಿದೆ ಅಂತ ಅಂಗಡಿಯವರನ್ನ ಕೇಳಿಯೇ ದುಡ್ಡು ಕೊಡಿ. ಡಿಸ್ಕಿನ ಬೆಲೆ ಮಾತ್ರ ಲೆಕ್ಕ ಹಾಕಬೇಡಿ, ಅಂಚೆ ಮತ್ತು ಕಸ್ಟಮ್ಸ್ ಸೇರಿಸಿ. ಇಬ್ಬರು ಮೂವರು ಸೇರಿ ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತೆ.

ನಮ್ಮ ತಂದೆಯವರು ಊರಿನ ಬೈಠಕ್‌ಗಳನ್ನ ಸ್ಪೂಲ್ ಟೇಪಿನಲ್ಲಿ ರೆಕಾರ್ಡ್ ಮಾಡಿದ್ದರು. ಟ್ರಂಕಿನಲ್ಲಿ ಹಂಗೇ ಅದಾವ. ಪಾಂಪೇ ಸುದ್ದಿ ಓದಿ ಅದು ನೆನಪಾಯ್ತು. ಮಷಿನ್ ಸಿಕ್ಕರೆ ಹಾಕಿ ಕೇಳಬಹುದಾ?
– ಇಳಕಲ್ಲ

ಅಕ್ಕಾರ, ದಯವಿಟ್ಟು ಈಗಲೇ ಹಾಕಬೇಡಿ! ಮೊದಲು ನೋಡಿ, ಮೂಸಿ. ಬಿಳಿ ಪುಡಿಯಂಥದ್ದು ಕಂಡರೆ ಬೂಸು, ಅದನ್ನ ಬೇರೆ ಟೇಪುಗಳಿಂದ ದೂರ ಇಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಹಳೆಯ ಥರದ ಪ್ಲಾಸ್ಟಿಕ್ಕಿನ ಟೇಪು ಕೊಳೀತಾ ಇದೆ, ಅದೇ ಎಲ್ಲಕ್ಕಿಂತ ಅರ್ಜೆಂಟು. ಕೈಗೆ ಅಂಟಂಟು ಅನಿಸಿದರೆ ಟೇಪಿನ ಅಂಟುಪದರ ತೇವ ಕುಡಿದಿದೆ. ಅಂಥದ್ದನ್ನ ಓಡಿಸಿದರೆ ಕಂದು ಪದರ ಕಿತ್ತು ಮಷಿನಿನ ಹೆಡ್ಡಿಗೆ ಹತ್ತುತ್ತೆ, ಹೋಗಿದ್ದು ಹೋಗಿದ್ದೇ. ತಿಳಿದವರು ಅದನ್ನ ಸುಮಾರು 50ರಿಂದ 55 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಒಣಗಿಸಿ ಆಮೇಲೆ ಓಡಿಸ್ತಾರೆ. ಎಲ್ಲ ಥರದ ಟೇಪಿಗೂ ಇದು ಆಗಲ್ಲ, ಅಸಿಟೇಟಿಗಂತೂ ಆಗೋದೇ ಇಲ್ಲ. ಹಾಗಾಗಿ ಮನೆಯ ಓವನ್‌ನಲ್ಲಿ, ಇಲ್ಲಾ ಮೇ ತಿಂಗಳ ಬಿಸಿಲಿಗೆ ಮಾಳಿಗೆ ಮೇಲೆ, ಖಂಡಿತ ಬೇಡ.

ಸದ್ಯಕ್ಕೆ ಟ್ರಂಕನ್ನ ಒಣ, ತಂಪು ಕೋಣೆಯಲ್ಲಿ ಇಡಿ, ದೊಡ್ಡ ಸ್ಪೀಕರ್ ಪಕ್ಕ ಬೇಡ, ಅದರ ಅಯಸ್ಕಾಂತ ಟೇಪಿಗೆ ಆಗಿಬರಲ್ಲ. ಸ್ಪೂಲುಗಳನ್ನ ಪುಸ್ತಕದ ಹಾಗೆ ನಿಲ್ಲಿಸಿ, ಒಂದರ ಮೇಲೊಂದು ಮಲಗಿಸಬೇಡಿ. ಡಬ್ಬಿಯ ಮೇಲೆ ತಂದೆಯವರ ಅಕ್ಷರದಲ್ಲಿ ಏನಿದೆಯೋ, ರಾಗ, ತಾರೀಕು, ಯಾರ ಮನೆ, ಅದರ ಫೋಟೋ ಇವತ್ತೇ ತೆಗೆದಿಡಿ. ಚೀಟಿ ಉದುರಿಹೋದರೆ ಮುಂದೆ ಯಾರು ಹಾಡಿದ್ದು ಅಂತ ಗುರುತಿಸೋರೂ ಇರಲ್ಲ. ಡಿಜಿಟಲ್ ಮಾಡಿಸುವಾಗ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ ಕೇಳಿ, ಬರೀ ಎಂಪಿ3 ಕೊಟ್ಟರೆ ಒಪ್ಪಬೇಡಿ. ಕೆಮ್ಮು, 'ವಾಹ್', ಚಹಾ ಕಪ್ಪಿನ ಸದ್ದು ಎಲ್ಲ ತೆಗೆದು ಕ್ಲೀನ್ ಮಾಡಿ ಕೊಡ್ತೀವಿ ಅಂದರೆ ಬೇಡ ಅನ್ನಿ. ಹಾಂ, ಮೂಲ ಟೇಪು ಮಾತ್ರ ಕೆಲಸ ಮುಗಿದ ಮೇಲೂ ಎಸೆಯಬೇಡಿ.

ನಮ್ಮ ಗೆಳೆಯರ ಬಳಗ ಸೇರಿ ಒಂದು ಸಭಾಭವನದಲ್ಲಿ ಈ ಡಿಸ್ಕ್ ಹಾಕಿ, ಟಿಕೆಟ್ ಇಟ್ಟು ತೋರಿಸಬಹುದಾ?
– ಚಿಕ್ಕೋಡಿ

ಇಲ್ಲ. ಮನೆಗೆ ಅಂತ ಮಾರಿದ ಡಿಸ್ಕಿಗೆ ಸಾರ್ವಜನಿಕ ಪ್ರದರ್ಶನದ ಹಕ್ಕು ಬರೋದಿಲ್ಲ, ಟಿಕೆಟ್ ಇಡದಿದ್ದರೂ ಅಷ್ಟೇ. ಹಕ್ಕುದಾರರಿಂದ ಬೇರೆ ಅನುಮತಿ ಬೇಕು. ಬಳಗದಲ್ಲಿ ಯಾರ ಮನೆಯ ಹಾಲ್ ದೊಡ್ಡದಿದೆಯೋ ಅಲ್ಲಿ ಸೇರಿ. ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟಿರಿ, 'ಎಕೋಸ್' ಒಂದೇ ಇಪ್ಪತ್ತು ನಿಮಿಷದ ಮೇಲಿದೆ.