ಗಿರಣಿಯ ಲಾಭ, ಮನೆದೇವರ ಹೆಸರಿನ ಟ್ರಸ್ಟು

ಪ್ರಶ್ನೆ: ಮದ್ದೂರಿನ ಹತ್ತಿರ ನಮ್ಮದೊಂದು ಅಕ್ಕಿ ಗಿರಣಿ ಇದೆ. ಮನೆದೇವರ ಹೆಸರಲ್ಲಿ ಟ್ರಸ್ಟು ಮಾಡಿ, ಲಾಭದ ಒಂದು ಪಾಲನ್ನು ಬಡಮಕ್ಕಳ ಓದಿಗೆ ಕೊಡುವ ಆಸೆ. ಗಿರಣಿಯನ್ನೇ ಟ್ರಸ್ಟಿಗೆ ಬರೆದುಕೊಡಬಹುದೇ?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಬೇಡಿ. ಗಿರಣಿ ನಿಮ್ಮ ಹೆಸರಲ್ಲೇ ಇರಲಿ. ವರ್ಷದ ಲೆಕ್ಕ ಮುಗಿದ ಮೇಲೆ ಲಾಭದ ಪಾಲನ್ನು ಟ್ರಸ್ಟಿಗೆ ಚೆಕ್ಕಿನಲ್ಲಿ ದಾನ ಕೊಡಿ. ಟ್ರಸ್ಟೇ ವ್ಯಾಪಾರಕ್ಕಿಳಿದರೆ ಪ್ರತ್ಯೇಕ ಲೆಕ್ಕಪುಸ್ತಕ, ತೆರಿಗೆ ತಕರಾರು ಎಲ್ಲ ಬೆನ್ನಿಗೆ ಬೀಳುತ್ತವೆ.

ಟ್ರಸ್ಟಿನ ಡೀಡ್ (ಉದ್ದೇಶ, ನಿಯಮಗಳ ದಸ್ತಾವೇಜು) ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯ ತಾತ್ಕಾಲಿಕ ನೋಂದಣಿ. ಹೆಚ್ಚಿನವರು ಎಡವುವುದು ಡೀಡಿನಲ್ಲೇ. ‘ನಮ್ಮ ಜನಾಂಗದ ಮಕ್ಕಳಿಗೆ’ ಎಂಬ ಒಂದು ಸಾಲು ಸೇರಿದರೂ ತೆರಿಗೆ ವಿನಾಯಿತಿ ಕೈತಪ್ಪೀತು. ದೇವರ ಹೆಸರಿಗೆ ಅಡ್ಡಿಯಿಲ್ಲ. ಆದರೆ ದಾನಿಗಳಿಗೆ ಕೊಟ್ಟ ದಾನದ ಮೇಲೆ ತೆರಿಗೆ ರಿಯಾಯಿತಿ (80ಜಿ ಎಂದೇ ಹೆಸರಾದದ್ದು) ಸಿಗಬೇಕಾದರೆ ಪೂಜೆ, ತೇರಿನಂಥ ಧಾರ್ಮಿಕ ಖರ್ಚು ಆದಾಯದ ಶೇ 5 ದಾಟಬಾರದು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಟ್ರಸ್ಟಿನ ಆದಾಯದಲ್ಲಿ ಶೇ 85ರಷ್ಟಾದರೂ ಸಾಮಾನ್ಯವಾಗಿ ಆಯಾ ವರ್ಷವೇ ಉದ್ದೇಶಕ್ಕೆ ಖರ್ಚಾಗಬೇಕು.

ಇನ್ನು, ಭತ್ತ ಕೊಳ್ಳುವ ಕಾಲಕ್ಕೆ ಕೈಬಿಗಿ ಆಯಿತೆಂದು ಟ್ರಸ್ಟಿನ ಹಣವನ್ನು ಗಿರಣಿಗೆ ತಿರುಗಿಸುವುದು ಬೇಡವೇ ಬೇಡ. ಬಡ್ಡಿ, ಭದ್ರತೆ ಇಲ್ಲದ ಅಂಥ ಕೈಸಾಲವನ್ನು ಇಲಾಖೆ ಟ್ರಸ್ಟಿಗಳ ಸ್ವಂತ ಲಾಭವೆಂದೇ ಎಣಿಸುತ್ತದೆ.