ಮುನಿರಾಬಾದ್ ಎಡದಂಡೆ ಕಾಲುವೆಯಲ್ಲಿ ಗೇಜ್ ನೋಡಿ ಕ್ಯೂಸೆಕ್ ಹೇಳುತ್ತಾರೆ. ಸಮುದ್ರದೊಳಗೆ ನದಿಯಂತೆ ಹರಿಯುವ ಪ್ರವಾಹ ಎಷ್ಟು ಏರಿಳಿಯಿತು ಎಂದು ಹೇಗೆ ತಿಳಿಯುತ್ತಾರೆ?

ಒಂದು ಅಚ್ಚುಕಟ್ಟಾದ ದಾರಿ: ಸಮುದ್ರದ ತಳದಲ್ಲಿರುವ ಟೆಲಿಫೋನ್ ಕೇಬಲ್‌ನ ವೋಲ್ಟೇಜ್ ನೋಡುವುದು. ಅಮೆರಿಕದ ಫ್ಲೋರಿಡಾ ಮತ್ತು ಬಹಾಮಾಸ್ ದ್ವೀಪಗಳ ನಡುವೆ 1982ರಿಂದ ದಶಕಗಳ ಕಾಲ ಹೀಗೆ ಅಳೆದಿದ್ದಾರೆ.

ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಂಥ ನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಸಾಗುವಾಗ ಪ್ರವಾಹಕ್ಕೆ ಅಡ್ಡಲಾಗಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹರಿವು ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಕೇಬಲ್ ದಡದಿಂದ ದಡಕ್ಕೆ ಇರುವುದರಿಂದ ಇಡೀ ಪ್ರವಾಹದ ಲೆಕ್ಕ ಒಮ್ಮೆಗೇ, ದಿನದಿನವೂ ಸಿಗುತ್ತದೆ. ಹಡಗಿನಿಂದ ಇದು ಆಗದ ಮಾತು. ಅಲ್ಲಿನ ಸರಾಸರಿ ಹರಿವು ಸೆಕೆಂಡಿಗೆ ಸುಮಾರು 3.2 ಕೋಟಿ ಘನ ಮೀಟರ್, ನಮ್ಮ ಲೆಕ್ಕದಲ್ಲಿ ನೂರು ಕೋಟಿ ಕ್ಯೂಸೆಕ್‌ಗೂ ಮೇಲೆ!

ಆದರೆ ಸೌರ ಚಟುವಟಿಕೆಯಿಂದ ಏಳುವ ಕಾಂತೀಯ ಬಿರುಗಾಳಿ, ಅಂದರೆ ಭೂಮಿಯ ಕಾಂತಕ್ಷೇತ್ರದ ಏರುಪೇರು, ಈ ವೋಲ್ಟೇಜನ್ನು ಕೆಡಿಸುತ್ತದೆ. ಆ ಪಾಲನ್ನು ಕಳೆದು, ಆಗಾಗ ಹಡಗಿನಿಂದ ತಳದವರೆಗೆ ಉಪಕರಣ ಬಿಟ್ಟು ನೇರವಾಗಿ ಅಳೆದು ತಾಳೆ ನೋಡಲೇಬೇಕು.