ಓದುಗರ ಪ್ರಶ್ನೆಗಳಿಗೆ ಉತ್ತರ: ‘ಅವನನ್ನು ಯಾರಾದರೂ ಕೇಳಿದಿರಾ?’

ಆಟಿಸಂ ಎಂದೊಡನೆ ಬಹಳ ಮಂದಿಯ ಕಣ್ಣಮುಂದೆ ಬಂದು ನಿಲ್ಲುವುದು ಒಂದು ಮಗು. ಈ ಸಲ ಅಂಕಣಕ್ಕೆ ಬಂದ ಪತ್ರಗಳು ಮಾತ್ರ ದೊಡ್ಡವರ ಕುರಿತಾದವು. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಆಟಿಸಂ ಎಂಬ ಗುರುತು ವೈದ್ಯಲೋಕದಲ್ಲಿ ನೆಲೆಗೊಂಡಿತು. ಆ ಹನ್ನೊಂದರಲ್ಲಿ ಮೊದಲನೆಯವರಾದ ಡೊನಾಲ್ಡ್ ಟ್ರಿಪ್ಲೆಟ್ ಅಮೆರಿಕದ ಮಿಸಿಸಿಪ್ಪಿಯ ಒಂದು ಪುಟ್ಟ ಪಟ್ಟಣದಲ್ಲಿ ಬೆಳೆದು, ಅಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ಕಾರು ಓಡಿಸಿ, ಒಬ್ಬರೇ ದೇಶ ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮನೆಯವರು ಸ್ಥಿತಿವಂತರಾಗಿದ್ದರು, ಆ ಅನುಕೂಲ ಎಲ್ಲರಿಗೂ ಸಿಗುವಂಥದ್ದಲ್ಲ. ಆದರೂ ಅವರ ಬದುಕನ್ನು ನೋಡಿದವರೆಲ್ಲ ಮುಖ್ಯವಾಗಿ ಹೇಳಿದ್ದು ಇನ್ನೊಂದು ಮಾತು: ಪಟ್ಟಣದ ಜನ ಅವರನ್ನು ಬಲ್ಲವರಾಗಿದ್ದರು, ತಮ್ಮವರೆಂದು ಕಾಯುತ್ತಿದ್ದರು. ಕೆಳಗಿನ ಉತ್ತರಗಳನ್ನು ಬರೆಯುವಾಗ ಆ ಮಾತು ನನ್ನ ಮನಸ್ಸಿನಲ್ಲಿತ್ತು.

ಪ್ರಶ್ನೆ: ನನಗೆ 63 ವರ್ಷ, ನನ್ನ ಯಜಮಾನರಿಗೆ 70. ನಮ್ಮ ಒಬ್ಬನೇ ಮಗನಿಗೆ ಈಗ 31. ಅವನಿಗೆ ಆಟಿಸಂ ಜೊತೆಗೆ ಬೌದ್ಧಿಕ ವೈಕಲ್ಯವೂ ಇದೆ, ಮಾತು ಬಹಳ ಕಡಿಮೆ. ವಿಶೇಷ ಶಾಲೆ ಮುಗಿದ ಮೇಲೆ ಮನೆಯೇ ಅವನ ಲೋಕವಾಗಿದೆ. ನಾವಿಬ್ಬರೂ ಹೋದ ಮೇಲೆ ಇವನ ಗತಿಯೇನು ಎಂಬ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಬೇಗ ಒಬ್ಬ ಕಾನೂನುಬದ್ಧ ಪಾಲಕರನ್ನು ನೇಮಿಸಿ, ಒಂದು ವಸತಿ ಕೇಂದ್ರಕ್ಕೆ ಸೇರಿಸಿಬಿಡಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಅಷ್ಟು ಮಾಡಿದರೆ ಸಾಕೇ?

ಉತ್ತರ: ಸಾಲದು, ತಾಯಿ. ಆ ಎರಡೂ ಬೇಕಾಗಬಹುದು ಅಥವಾ ಬೇಡವಾಗಬಹುದು, ಆದರೆ ಅವೆರಡಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ.

ನಿಮ್ಮದೇ ಪ್ರಶ್ನೆಯನ್ನಿಟ್ಟುಕೊಂಡು ಕೆನಡಾದ ವ್ಯಾಂಕೂವರ್ ಭಾಗದ ಕೆಲವು ತಂದೆತಾಯಂದಿರು 1989ರಲ್ಲಿ ‘ಪ್ಲ್ಯಾನ್’ ಎಂಬ ಸಂಘ ಕಟ್ಟಿದರು. ಹಣ, ಮನೆ, ಉಯಿಲು ಇವೆಲ್ಲವನ್ನೂ ಅವರು ಲೆಕ್ಕ ಹಾಕಿದರು, ಆದರೆ ಸಂಘದ ಬುನಾದಿಯಾಗಿ ಇಟ್ಟುಕೊಂಡದ್ದು ಸಂಬಂಧಗಳನ್ನು. ಮಗನನ್ನೋ ಮಗಳನ್ನೋ ಹೆಸರು ಹಿಡಿದು ಕರೆಯುವಷ್ಟು ಬಲ್ಲ, ಸಂಬಳಕ್ಕಲ್ಲದೆ ಪ್ರೀತಿಗಾಗಿ ಬಂದು ಹೋಗುವ ಐದಾರು ಜನರ ಬಳಗವೊಂದಿದ್ದರೆ ಉಳಿದ ಏರ್ಪಾಡುಗಳು ನಿಲ್ಲುತ್ತವೆ. ಅದಿಲ್ಲದೆ ಹೋದರೆ ಎಷ್ಟೇ ಹಣವಿದ್ದರೂ ಅದನ್ನು ಅವನಿಗಾಗಿಯೇ ಖರ್ಚು ಮಾಡುತ್ತಿದ್ದಾರೆಯೇ ಎಂದು ನೋಡುವ ಕಣ್ಣು ಇರುವುದಿಲ್ಲ. ಇದಕ್ಕೂ ಹಿಂದೆ, 1980ರ ಆಸುಪಾಸಿನಲ್ಲಿ, ತೀವ್ರ ದೈಹಿಕ ವೈಕಲ್ಯವಿದ್ದ ಟೊರಾಂಟೊದ ಜುಡಿತ್ ಸ್ನೋ ಅವರನ್ನು ಆರೈಕೆ ಕೇಂದ್ರದಿಂದ ಹೊರತಂದು ಸ್ವಂತ ಮನೆಯಲ್ಲಿ ನೆಲೆಗೊಳಿಸಿದ್ದು ಅವರ ಸ್ನೇಹಿತರ ಇಂಥದೇ ಒಂದು ಬಳಗ.

ಹಾಗಾಗಿ ಇವತ್ತೇ ಒಂದು ಹಾಳೆ ತೆಗೆದುಕೊಂಡು, ನಿಮ್ಮಿಬ್ಬರನ್ನೂ ಸಂಬಳ ಪಡೆಯುವವರನ್ನೂ ಬಿಟ್ಟು ನಿಮ್ಮ ಮಗನನ್ನು ಬಲ್ಲವರ ಹೆಸರುಗಳನ್ನು ಬರೆಯಿರಿ. ಎರಡೇ ಹೆಸರು ಬಂದರೂ ಎದೆಗುಂದಬೇಡಿ, ಹೆಚ್ಚಿನ ಮನೆಗಳಲ್ಲಿ ಅಷ್ಟೇ ಬರುತ್ತವೆ. ಆ ಇಬ್ಬರನ್ನು ಕರೆದು ನೇರವಾಗಿ ಕೇಳಿಕೊಳ್ಳಿ. ‘ಸಹಾಯ ಮಾಡಿ’ ಎಂದು ಮೊಗಮ್ಮಾಗಿ ಕೇಳಿದರೆ ಯಾರೂ ಮುಂದೆ ಬರುವುದಿಲ್ಲ. ‘ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಇವನೊಡನೆ ಒಂದು ಗಂಟೆ ನಡೆದಾಡಿ ಬರುವಿರಾ?’ ಎಂದರೆ ಬಹಳ ಜನ ಬರುತ್ತಾರೆ. ಕೇಳುವುದಕ್ಕೆ ಸಂಕೋಚವಾಗುತ್ತದೆ, ಬಲ್ಲೆ. ಮೂವತ್ತು ವರ್ಷ ಯಾರ ಹಂಗೂ ಇಲ್ಲದೆ ಮಗನನ್ನು ಸಾಕಿದವರಿಗೆ ಈಗ ಕೈಚಾಚುವುದು ಸುಲಭವಲ್ಲ. ಆದರೂ ಕೇಳಿ.

ಇನ್ನು ಪಾಲಕತ್ವದ ವಿಷಯ. ಪಾಲಕರನ್ನು ನೇಮಿಸಿದಾಗ ಅನೇಕ ದೇಶಗಳ ಕಾನೂನಿನಲ್ಲಿ ಆ ವ್ಯಕ್ತಿಯ ನಿರ್ಧಾರಗಳೆಲ್ಲ ಒಟ್ಟಾಗಿ ಇನ್ನೊಬ್ಬರ ಕೈಗೆ ಹೋಗುತ್ತವೆ. 2006ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ, 2008ರಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಬೇರೆ ದಾರಿ ತೋರಿಸುತ್ತದೆ: ವೈಕಲ್ಯವಿದ್ದವರೂ ಕಾನೂನಿನ ಮುಂದೆ ಉಳಿದವರಿಗೆ ಸಮಾನರು, ನಿರ್ಧರಿಸಲು ಅವರಿಗೆ ಬೇಕಾದ ಬೆಂಬಲವನ್ನು ಒದಗಿಸುವುದು ಸರ್ಕಾರಗಳ ಹೊಣೆ. ಅಮೆರಿಕದ ಟೆಕ್ಸಸ್ ರಾಜ್ಯ 2015ರಲ್ಲಿ ಬೆಂಬಲ ಪಡೆದು ನಿರ್ಧರಿಸುವ ಒಪ್ಪಂದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಪೆರು ದೇಶ 2018ರಲ್ಲಿ ತನ್ನ ನಾಗರಿಕ ಸಂಹಿತೆಯನ್ನೇ ತಿದ್ದಿ, ವೈಕಲ್ಯದ ಕಾರಣಕ್ಕೆ ವಯಸ್ಕರ ಮೇಲೆ ಪಾಲಕರನ್ನು ನೇಮಿಸುವ ಪದ್ಧತಿಯನ್ನು ಕೈಬಿಟ್ಟಿತು. ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾದ್ದರಿಂದ ವಕೀಲರನ್ನು ಕಾಣಲೇಬೇಕು. ಕಂಡಾಗ ‘ಪಾಲಕತ್ವಕ್ಕೆ ಅರ್ಜಿ ಹಾಕುವುದು ಹೇಗೆ’ ಎನ್ನುವ ಬದಲು ‘ಇವನ ಹಕ್ಕು ಆದಷ್ಟು ಕಡಿಮೆ ಕಳೆಯುವ ದಾರಿ ಯಾವುದು’ ಎಂದು ಕೇಳಿ. ಬ್ಯಾಂಕ್ ಖಾತೆಯೊಂದಕ್ಕೋ ಒಂದು ಶಸ್ತ್ರಚಿಕಿತ್ಸೆಯ ಒಪ್ಪಿಗೆಗೋ ಸೀಮಿತವಾದ ಅಧಿಕಾರ ಸಾಕಾಗುವ ಕಡೆ ಇಡೀ ಬದುಕನ್ನೇ ಬರೆದುಕೊಡಬೇಕಾಗಿಲ್ಲ.

ವಸತಿ ಕೇಂದ್ರದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದ್ದರೆ ಕ್ಷಮಿಸಿ. ಹೇಳದೆ ಕೇಳದೆ ಯಾವ ಹೊತ್ತಿಗಾದರೂ ಬಂದು ನೋಡಬಹುದು ಎನ್ನದ ಯಾವ ಜಾಗಕ್ಕೂ ಮಗನನ್ನು ಬಿಡಬೇಡಿ. ಮಾತು ಬಾರದವರಿಗೆ ಹೊರಗಿನಿಂದ ಬಂದು ಹೋಗುವವರೇ ರಕ್ಷಣೆ.

ನಿಮ್ಮ ಪತ್ರದಲ್ಲಿ ಇಲ್ಲದ ಸಂಗತಿಯೊಂದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ, ನಿಮ್ಮ ಮಗನದೇ ವಯಸ್ಸಿನ, ಮಾತು ಬಾರದ ಒಬ್ಬ ಯುವಕ ಎಲ್ಲಿ ವಾಸಿಸಬೇಕೆಂದು ತೀರ್ಮಾನಿಸಲು ನಾವು ಏಳು ಜನ ಸೇರಿದ್ದೆವು. ಅವನೂ ಅದೇ ಕೋಣೆಯಲ್ಲಿ ಕಿಟಕಿಯ ಪಕ್ಕ ಕುಳಿತಿದ್ದ. ಒಂದು ಗಂಟೆ ಮಾತಾಡಿದೆವು, ಯಾರೂ ಅವನತ್ತ ತಿರುಗಲಿಲ್ಲ, ನಾನೂ ತಿರುಗಲಿಲ್ಲ. ಕೊನೆಗೆ ಅವನ ತಂಗಿ ‘ಅಣ್ಣನನ್ನು ಯಾರಾದರೂ ಕೇಳಿದಿರಾ?’ ಎನ್ನುತ್ತ ಎರಡು ಮನೆಗಳ ಫೋಟೊಗಳನ್ನು ಮೇಜಿನ ಮೇಲಿಟ್ಟು ಸುಮ್ಮನಾದಳು. ಆ ಮೌನ ನಮಗೆ ತಡೆಯಲಾಗಲಿಲ್ಲ. ಒಬ್ಬರು ಕೆಮ್ಮಿದರು, ಇನ್ನೊಬ್ಬರು ‘ಅವನಿಗೆಲ್ಲಿ ಗೊತ್ತಾಗುತ್ತದೆ, ಬಿಡಮ್ಮ’ ಎಂದರು. ಎರಡು ಮೂರು ನಿಮಿಷಗಳಾದ ಮೇಲೆ ಅವನು ಎದ್ದು ಬಂದು ಒಂದು ಫೋಟೊವನ್ನು ಬೋರಲು ಹಾಕಿದ, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಮತ್ತೆ ಕಿಟಕಿಯ ಬಳಿ ಹೋಗಿ ಕುಳಿತ. ಬೋರಲು ಬಿದ್ದದ್ದು ನಾವೆಲ್ಲ ಒಪ್ಪಿದ್ದ ಮನೆ.

ಒಂದು ಫೋಟೊವನ್ನು ಒಮ್ಮೆ ಎತ್ತಿಕೊಂಡ ಮಾತ್ರಕ್ಕೆ ನಿರ್ಧಾರವಾಯಿತು ಎಂದು ನಾನು ಹೇಳುವುದಿಲ್ಲ. ಚಿತ್ರದಲ್ಲಿದ್ದ ಬಣ್ಣವೋ ಗೇಟೋ ಹಿಡಿಸಿರಬಹುದು. ಅದಕ್ಕೇ ಅವನನ್ನು ಎರಡೂ ಕಡೆ ಕರೆದುಕೊಂಡು ಹೋಗಿ, ಒಂದೊಂದು ರಾತ್ರಿ ಇರಿಸಿ, ಬೇರೆ ಬೇರೆ ದಿನ ಮತ್ತೆ ಕೇಳಿದರು. ನೀವೂ ಹಾಗೆ ಮಾಡಿ. ಅವನು ‘ಬೇಡ’ ಎನ್ನುವುದು ಹೇಗೆ, ನೋವಾದಾಗ ಏನು ಮಾಡುತ್ತಾನೆ, ಯಾವ ಗುನುಗು ಸಂತೋಷದ್ದು, ಯಾವುದು ಗಾಬರಿಯದು, ಇವೆಲ್ಲ ಈಗ ನಿಮ್ಮ ತಲೆಯಲ್ಲಿ ಮಾತ್ರ ಇವೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಫೋನಿನಲ್ಲಿ ವಿಡಿಯೊ ಮಾಡಿಡಿ. ಮುಂದೆ ಅವನೊಡನೆ ಇರುವವರಿಗೆ ಉಯಿಲಿಗಿಂತ ಮೊದಲು ಬೇಕಾಗುವುದು ಅದು.

ಪ್ರಶ್ನೆ: ಬೆಳವಣಿಗೆಯ ವೈಕಲ್ಯವಿರುವ ದೊಡ್ಡ ಮಕ್ಕಳ ಪೋಷಕರ ಸಂಘವೊಂದಕ್ಕೆ ನಾನು ಕಾರ್ಯದರ್ಶಿ. ಆಟಿಸಂ ಇರುವ 27 ವರ್ಷದ ಯುವತಿಯೊಬ್ಬಳು ಕಾರ್ಯಕಾರಿ ಸಮಿತಿಗೆ ಸೇರುತ್ತೇನೆ ಎಂದು ಕೇಳಿದ್ದಾಳೆ. ‘ಅವಳಿಗೆ ಚೆನ್ನಾಗಿ ಮಾತು ಬರುತ್ತದೆ, ನಮ್ಮ ಮಾತು ಬಾರದ ಮಕ್ಕಳ ಕಷ್ಟ ಅವಳಿಗೇನು ಗೊತ್ತು?’ ಎಂದು ಕೆಲವು ಸದಸ್ಯರು ಆಕ್ಷೇಪಿಸುತ್ತಾರೆ. ಏನು ಮಾಡಲಿ?

ಉತ್ತರ: ಸೇರಿಸಿಕೊಳ್ಳಿ, ಒಬ್ಬಳನ್ನೇ ಅಲ್ಲದೆ ಕಡೇಪಕ್ಷ ಇಬ್ಬರನ್ನು. ಹತ್ತು ಪೋಷಕರ ನಡುವೆ ಕುಳಿತ ಒಬ್ಬರು ಬೇಗ ಸುಮ್ಮನಾಗಿಬಿಡುತ್ತಾರೆ.

ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ನಿಜವಿದೆ. ಒಬ್ಬ ಯುವತಿ ಎಲ್ಲರ ಪರವಾಗಿಯೂ ಮಾತನಾಡಲಾರಳು. ಹಾಗೆ ನೋಡಿದರೆ ಒಬ್ಬ ತಂದೆಯೂ ಇನ್ನೊಬ್ಬರ ಮಗನ ಪರವಾಗಿ ಮಾತನಾಡಲಾರ, ಆದರೂ ಸಮಿತಿಯಲ್ಲಿ ಇರುತ್ತಾನೆ. ಮಗ ಕಿವಿ ಮುಚ್ಚಿಕೊಂಡು ಓಡಿಹೋದ ದಿನದ ದಣಿವನ್ನು ಪೋಷಕರು ಬಲ್ಲರು. ಕಿವಿಗೆ ಆ ಸದ್ದು ಹೇಗೆ ಬಡಿಯುತ್ತದೆ ಎಂಬುದನ್ನು ಅವಳು ಬಲ್ಲಳು. ನಿಮ್ಮ ಸಂಘಕ್ಕೆ ಎರಡೂ ತಿಳಿವಳಿಕೆ ಬೇಕು. ಮಾತು ಬಾರದವರು ಸಮಿತಿಗೆ ಬರಲಾರರು ಎಂದು ಮೊದಲೇ ಗೆರೆ ಎಳೆಯುವುದೂ ಬೇಡ. ಟೈಪ್ ಮಾಡಿ, ಚಿತ್ರದ ಹಲಗೆ ತೋರಿಸಿ, ಟ್ಯಾಬ್ಲೆಟ್‌ನಲ್ಲಿ ದನಿ ಕೇಳಿಸಿ ಅಭಿಪ್ರಾಯ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ.

ಇದು ಹೊಸ ಪ್ರಯೋಗವೂ ಅಲ್ಲ. ಬೌದ್ಧಿಕ ವೈಕಲ್ಯವಿರುವವರು ತಾವೇ ಸಭೆ ಸೇರಿ ಬೇಡಿಕೆಗಳನ್ನು ಮುಂದಿಡುವುದು 1960ರ ದಶಕದ ಕೊನೆಯ ಹೊತ್ತಿಗೆ ಸ್ವೀಡನ್ನಿನಲ್ಲಿ ನಡೆದಿತ್ತು. 1974ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಅಂಥವರೇ ಕಟ್ಟಿಕೊಂಡ ಸಂಘಕ್ಕೆ ‘ಪೀಪಲ್ ಫಸ್ಟ್’ ಎಂದು ಹೆಸರಾಯಿತು: ಹಣೆಪಟ್ಟಿಯ ಮಾತು ಆಮೇಲೆ, ಮೊದಲು ನಾವು ಮನುಷ್ಯರು ಎಂಬುದು ಅದರ ಅರ್ಥ. ಆಟಿಸಂ ಇರುವವರೇ ನಡೆಸುವ ‘ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್’ 2006ರಲ್ಲಿ ಆರಂಭವಾಯಿತು. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ’ ಎಂಬ ಘೋಷಣೆ ಇಂಥ ಚಳವಳಿಗಳೆಲ್ಲವನ್ನೂ ಒಂದುಗೂಡಿಸಿದೆ.

ಸೇರಿಸಿಕೊಂಡ ಮೇಲೆ ಸಭೆ ನಡೆಸುವ ರೀತಿಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಕುರ್ಚಿ ಕೊಟ್ಟಂತಾಗುತ್ತದೆಯೇ ಹೊರತು ಪಾಲು ಕೊಟ್ಟಂತಾಗುವುದಿಲ್ಲ. ಚರ್ಚಿಸುವ ವಿಷಯಗಳನ್ನು ಒಂದು ವಾರ ಮೊದಲೇ ಚಿಕ್ಕ ವಾಕ್ಯಗಳಲ್ಲಿ, ಬೇಕಾದರೆ ಚಿತ್ರಗಳೊಡನೆ ಕಳುಹಿಸಿ. ಮಿನುಗುವ ಟ್ಯೂಬ್‌ಲೈಟ್ ಇರುವ ಕೋಣೆ ಬೇಡ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ಹಾಕದಂತೆ ಅಧ್ಯಕ್ಷರು ನೋಡಿಕೊಳ್ಳಲಿ. ‘ನನಗೆ ಅರ್ಥವಾಗಲಿಲ್ಲ, ನಿಲ್ಲಿಸಿ’ ಎನ್ನಲು ಒಂದು ಬಣ್ಣದ ಕಾರ್ಡ್ ಎಲ್ಲರ ಮುಂದೆಯೂ ಇರಲಿ; ಒಂದು ಸಭೆಯಲ್ಲಿ ಅದನ್ನು ಮೊದಲು ಎತ್ತಿದವರು ಖಜಾಂಚಿಯ ಲೆಕ್ಕಪತ್ರ ಅರ್ಥವಾಗದ ಒಬ್ಬ ಹಿರಿಯ ಪೋಷಕರು. ಜೊತೆಗೆ ಬರುವ ಸಹಾಯಕರಿದ್ದರೆ ಅವರ ಕೆಲಸ ವಿವರಿಸುವುದು ಮಾತ್ರ, ಅವಳ ಬದಲಿಗೆ ಉತ್ತರಿಸುವುದಲ್ಲ ಎಂಬುದನ್ನು ಮೊದಲ ದಿನವೇ ಸ್ಪಷ್ಟಪಡಿಸಿ.

ಪ್ರಶ್ನೆ: ನನಗೆ 36 ವರ್ಷ, ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸ. ಕಳೆದ ವರ್ಷ ಆಟಿಸಂ ಇದೆಯೆಂದು ಗೊತ್ತಾಯಿತು. ಸಹೋದ್ಯೋಗಿಗಳು ನನ್ನನ್ನು ಒರಟು ಸ್ವಭಾವದವಳು ಎಂದುಕೊಂಡಿದ್ದಾರೆ. ಮೇಲಧಿಕಾರಿಗೆ ಹೇಳಬೇಕೇ?

ಉತ್ತರ: ಹೇಳುವುದೂ ಬಿಡುವುದೂ ನಿಮಗೆ ಸೇರಿದ್ದು, ಒಮ್ಮೆ ಹೇಳಿದ ಮೇಲೆ ಹಿಂದಕ್ಕೆ ಪಡೆಯಲಾಗದು, ಆದ್ದರಿಂದ ಅವಸರ ಬೇಡ. ಸೂಚನೆಗಳನ್ನು ಬರೆದು ಕೊಡಿ, ಬಾಗಿಲಿನಿಂದ ದೂರದ ಮೇಜು ಕೊಡಿ, ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಳ್ಳಲು ಬಿಡಿ ಎಂಬಂಥವನ್ನು ರೋಗನಿರ್ಣಯದ ಹೆಸರೆತ್ತದೆಯೂ ಕೇಳಬಹುದು. ಅವು ಸಿಗದೇ ಹೋದರೆ ಹೇಳುವುದರಿಂದ ಉಪಯೋಗವಿದೆ: ಆಗಲೇ ಹೆಸರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ ಸೂಕ್ತ ಹೊಂದಾಣಿಕೆಯನ್ನು ನಿರಾಕರಿಸುವುದನ್ನೇ ತಾರತಮ್ಯವೆಂದು ಎಣಿಸುತ್ತದೆ, ಹಲವು ದೇಶಗಳ ಕಾನೂನೂ ಅದನ್ನು ಅನುಸರಿಸುತ್ತದೆ. ಹೇಳುವುದಾದರೆ ಬರಹದಲ್ಲಿ, ಬೇಕಾದ ಎರಡು ಮೂರು ಬದಲಾವಣೆಗಳ ಸಮೇತ ಹೇಳಿ.

ಒರಟು ಎಂಬ ಮಾತು ನಿಮ್ಮನ್ನು ನೋಯಿಸಿದೆ ಎಂದು ಪತ್ರದಿಂದ ತಿಳಿಯುತ್ತದೆ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ವಾದ ಮುಂದಿಟ್ಟರು: ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಷ್ಟೇ ಮಟ್ಟಿಗೆ ಉಳಿದವರಿಗೂ ಇವರು ಅರ್ಥವಾಗುವುದಿಲ್ಲ, ತೊಡಕು ಇಬ್ಬರ ನಡುವಿನದು. ನಿಮ್ಮ ಸಹೋದ್ಯೋಗಿಗಳು ನಿಮ್ಮನ್ನು ತಪ್ಪಾಗಿ ಓದಿಕೊಂಡಿದ್ದಾರೆ. ಅದನ್ನು ತಿದ್ದುವ ಭಾರವನ್ನು ನೀವೊಬ್ಬರೇ ಹೊರಬೇಕಾಗಿಲ್ಲ.

ಪ್ರಶ್ನೆ: ನನ್ನ ಅಣ್ಣನಿಗೆ 42. ಮಾತು ಬರುವುದಿಲ್ಲ. ಎರಡು ತಿಂಗಳಿಂದ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಾನೆ. ವೈದ್ಯರು ‘ಆಟಿಸಂನಲ್ಲಿ ಇದು ಸಹಜ’ ಎಂದು ನಿದ್ದೆ ಬರುವ ಮಾತ್ರೆ ಬರೆದುಕೊಟ್ಟರು.

ಉತ್ತರ: ದಯವಿಟ್ಟು ಅಷ್ಟಕ್ಕೆ ಸುಮ್ಮನಾಗಬೇಡಿ, ಈ ವಾರವೇ ಬೇರೆ ವೈದ್ಯರನ್ನು ಕಾಣಿರಿ. ನಲವತ್ತು ವರ್ಷ ಇಲ್ಲದ ವರ್ತನೆ ಎರಡು ತಿಂಗಳಿಂದ ಶುರುವಾಗಿದ್ದರೆ ಅದಕ್ಕೆ ಕಾರಣ ಹುಡುಕಬೇಕು. ಹಲ್ಲುನೋವು, ಕಿವಿಯ ಸೋಂಕು, ಮಲಬದ್ಧತೆ, ಎದೆಯುರಿ, ತಲೆನೋವು, ಕಣ್ಣಿನ ತೊಂದರೆ ಇವುಗಳಲ್ಲಿ ಯಾವುದನ್ನೂ ನಿಮ್ಮ ಅಣ್ಣ ಬಾಯಿಬಿಟ್ಟು ಹೇಳಲಾರರು. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಅದನ್ನೂ ಪರೀಕ್ಷಿಸಬೇಕು. ಕಂಡದ್ದನ್ನೆಲ್ಲ ಮೂಲ ವೈಕಲ್ಯದ ಲೆಕ್ಕಕ್ಕೆ ಬರೆದುಬಿಡುವ ಅಭ್ಯಾಸ ವೈದ್ಯಕೀಯದಲ್ಲಿ ಎಷ್ಟು ಜೀವಗಳನ್ನು ತೆಗೆದಿದೆ ಎಂದರೆ, ಇಂಗ್ಲೆಂಡಿನಲ್ಲಿ ಬೌದ್ಧಿಕ ವೈಕಲ್ಯವಿದ್ದವರ ಸಾವುಗಳನ್ನು ಪರಿಶೀಲಿಸಲೆಂದೇ 2015ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಬೇಕಾಯಿತು.

ಹೋಗುವಾಗ ಒಂದೇ ಪುಟದಲ್ಲಿ ಬರೆದುಕೊಂಡು ಹೋಗಿ: ಮೊದಲು ಹೇಗಿದ್ದರು, ಯಾವ ದಿನದಿಂದ ಬದಲಾದರು, ಚಚ್ಚಿಕೊಳ್ಳುವುದು ಊಟದ ನಂತರವೋ ಮಲಗುವಾಗಲೋ, ಯಾವ ಕಡೆಯನ್ನು ಚಚ್ಚಿಕೊಳ್ಳುತ್ತಾರೆ. ಒಂದು ವಿಡಿಯೊ ಇರಲಿ. ದಿನದ ಮೊದಲ ಸರದಿಯನ್ನು ಕೇಳಿಕೊಳ್ಳಿ, ಕಾಯುವ ಕೋಣೆಯ ಗದ್ದಲದಲ್ಲಿ ದಣಿದವರನ್ನು ಪರೀಕ್ಷಿಸುವುದು ಯಾರಿಗೂ ಕಷ್ಟ. ವೈದ್ಯರು ನಿಮ್ಮೊಡನೆ ಮಾತ್ರ ಮಾತನಾಡಿದರೆ, ಮುಟ್ಟುವ ಮೊದಲು ಅಣ್ಣನಿಗೂ ಹೇಳಿ ಮುಟ್ಟಿ ಎಂದು ಕೇಳಿಕೊಳ್ಳಿ. ದಂತವೈದ್ಯರನ್ನು ಮೊದಲು ನೋಡಿ.